ಆನ್‌ಲೈನ್ ರೆಂಟಲ್ ಅಗ್ರಿಮೆಂಟ್ ಸರ್ವಿಸ್ ರಿವ್ಯೂ: ಹನ್ನೊಂದು ತಿಂಗಳು ಮುಗಿದ ಮೇಲೆ ಆ ಪೇಪರ್ ಎಷ್ಟು ಕೆಲಸಕ್ಕೆ ಬರುತ್ತೆ?

ಐದಕ್ಕೆ ಎರಡು ಸ್ಟಾರ್. ಮೊದ್ಲೇ ಹೇಳ್ಬಿಡ್ತೀನಿ, ಆಮೇಲೆ ಯಾಕೆ ಅಂತ ಓದ್ಕೊಳ್ಳಿ.

ಬೆಂಗಳೂರಲ್ಲಿ ಬಾಡಿಗೆ ಮನೆ ಅಗ್ರಿಮೆಂಟ್ ಮಾಡಿಸಿ ಮನೆ ಬಾಗಿಲಿಗೇ ತಂದುಕೊಡೋ ಆಪ್‌ಗಳು ಈಗ ಸಾಕಷ್ಟಿವೆ. ಅದ್ರಲ್ಲಿ ಒಂದನ್ನ ನಮ್ಮ ಹಳೇ ಮನೆಗೆ ಓನರ್ ಮಾಡಿಸಿದ್ರು, ಹೆಸ್ರು ಬರೆಯಲ್ಲ, ಯಾಕಂದ್ರೆ ಒಂದೆರಡು ಬೇರೆ ಆಪ್‌ಗಳ ಸ್ಯಾಂಪಲ್ ಕೂಡ ತೆಗೆದು ನೋಡ್ದೆ, ನಾನು ಹೇಳೋ ತೊಂದ್ರೆ ಹೆಚ್ಚುಕಮ್ಮಿ ಅಲ್ಲೂ ಇದೆ. ಈ ಸರ್ವಿಸ್‌ಗಳ ಕೆಳಗೆ ಇರೋ ರಿವ್ಯೂ ಎಲ್ಲ ಓದಿದ್ರೆ ಎಲ್ಲಾ ಪೇಪರ್ ಕೈಗೆ ಬಂದ ದಿನವೇ ಬರೆದಿರೋದು, ಸೂಪರ್ ಫಾಸ್ಟ್, ಡೆಲಿವರಿ ಬಾಯ್ ಒಳ್ಳೆಯವ್ರು, ಪ್ರಿಂಟ್ ಕ್ವಾಲಿಟಿ ಚೆನ್ನಾಗಿದೆ ಅಂತ. ಆದ್ರೆ ಅಗ್ರಿಮೆಂಟ್ ಅನ್ನೋದು ಕೆಲಸಕ್ಕೆ ಬರೋದು ಆ ದಿನ ಅಲ್ಲ, ಎಲ್ಲ ಚೆನ್ನಾಗಿರೋವಾಗ ಅದನ್ನ ಯಾರೂ ಬೀರುವಿಂದ ತೆಗೆಯೋದೂ ಇಲ್ಲ. ಅದು ಬೇಕಾಗೋದು ಅವಧಿ ಮುಗಿದು ಹನ್ನೆರಡನೇ ತಿಂಗಳಿಗೆ ಕಾಲಿಟ್ಟಾಗ, ಓನರ್ ಒಂದು ಹೇಳ್ತಾರೆ ನಾವೊಂದು ಹೇಳ್ತೀವಿ, ಆಗ ಪೇಪರಲ್ಲಿ ಏನಿದೆ ಅಂತ ನೋಡ್ತೀವಿ. ನಾನು ಆ ಹನ್ನೆರಡನೇ ತಿಂಗಳ ರಿವ್ಯೂ ಬರೀತಿದೀನಿ.

ಮೊದ್ಲು ಒಳ್ಳೇದು ಹೇಳ್ತೀನಿ. ಫಾರ್ಮ್ ತುಂಬೋದು ಸುಲಭ, ಎರಡೂ ಕಡೆಯವರ ಹೆಸ್ರು, ಆಧಾರ್, ಮನೆ ಅಡ್ರೆಸ್, ಬಾಡಿಗೆ, ಅಡ್ವಾನ್ಸ್, ಯಾವತ್ತಿಂದ ಯಾವತ್ತಿನವರೆಗೆ ಅಂತ ಕೇಳುತ್ತೆ ಅಷ್ಟೇ. ನಮ್ಮದು ಬಾಡಿಗೆ 22,000, ಅಡ್ವಾನ್ಸ್ ಒಂದೂವರೆ ಲಕ್ಷ. ಹೇಳಿದ ದಿನಕ್ಕೆ ಪೇಪರ್ ಬಂತು. ಇ-ಸ್ಟಾಂಪ್ ಅಸಲಿ, ನಮ್ಮ ಪೇಪರ್‌ನ ಇ-ಸ್ಟಾಂಪ್ ಸರ್ಟಿಫಿಕೇಟ್ ನಂಬರ್ ಐಎನ್-ಕೆಎ ಅಂತ ಶುರುವಾಗಿತ್ತು, ಆ ನಂಬರನ್ನ ಇ-ಸ್ಟಾಂಪ್ ಲೆಕ್ಕ ಇಡೋ ಸ್ಟಾಕ್ ಹೋಲ್ಡಿಂಗ್ ಕಾರ್ಪೊರೇಷನ್ ವೆಬ್‌ಸೈಟಲ್ಲಿ ಹಾಕಿದ್ರೆ ಯಾರು ಯಾರಿಗೆ ಎಷ್ಟು ಸ್ಟಾಂಪ್ ಡ್ಯೂಟಿ ಕಟ್ಟಿದಾರೆ ಅಂತ ಬರುತ್ತೆ, ನಾನು ಹಾಕಿ ನೋಡಿದೀನಿ, ಸರಿಯಾಗೇ ಇತ್ತು. ತೆಲಗಿಯ ನಕಲಿ ಛಾಪಾ ಕಾಗದದ ಹಗರಣ ನೋಡಿರೋ ರಾಜ್ಯ ನಮ್ದು, ಆದ್ರಿಂದ ಇದನ್ನ ಚಿಕ್ಕ ವಿಷಯ ಅಂತ ಬಿಡೋ ಹಾಗಿಲ್ಲ. ಎರಡು ಸ್ಟಾರ್ ಇದಕ್ಕೇ.

ಇನ್ನು ಸಮಸ್ಯೆಗೆ ಬರ್ತೀನಿ. ಇ-ಸ್ಟಾಂಪ್ ಮೇಲ್ಗಡೆ ಡಿಸ್ಕ್ರಿಪ್ಷನ್ ಆಫ್ ಡಾಕ್ಯುಮೆಂಟ್ ಅಂತ ಒಂದು ಸಾಲು ಇರುತ್ತೆ, ಅದನ್ನ ಯಾರೂ ಓದಲ್ಲ. ಬಾಡಿಗೆ ಕರಾರು ಅಂದ್ರೆ ಅಲ್ಲಿ ಆರ್ಟಿಕಲ್ 30, ಲೀಸ್ ಅಂತ ಇರ್ಬೇಕು (ಕಾನೂನಲ್ಲಿ ತಿಂಗಳ ಬಾಡಿಗೆ ಮನೆಗೂ ಲೀಸ್ ಅಂತಾನೇ ಹೆಸ್ರು), ಕರ್ನಾಟಕ ಸ್ಟಾಂಪ್ ಕಾಯ್ದೆ 1957ರ ಪಟ್ಟಿಯಲ್ಲಿ ಲೀಸ್‌ಗೆ ಇರೋ ಜಾಗ ಅದು, ಡ್ಯೂಟಿ ಲೆಕ್ಕ ಮಾಡೋವಾಗ ಬಾಡಿಗೆ ಜೊತೆ ಅಡ್ವಾನ್ಸನ್ನೂ ಸೇರಿಸ್ತಾರೆ. ನಮ್ಮ ಪೇಪರಲ್ಲಿ ಇದ್ದದ್ದು ಆರ್ಟಿಕಲ್ 5(ಜೆ), ಅಂದ್ರೆ ಬೇರೆ ಯಾವುದಕ್ಕೂ ಸೇರದ ಸಾಮಾನ್ಯ ಅಗ್ರಿಮೆಂಟ್ ಅಂತ. ಆಪ್‌ನವ್ರು ಎಲ್ಲಾದಕ್ಕೂ ಅದನ್ನೇ ಹಾಕ್ತಾರಂತೆ, ಕಸ್ಟಮರ್ ಕೇರ್ ಹುಡುಗಿನೇ ಹೇಳಿದ್ಲು. ಅದ್ರಿಂದ ಏನಾಗುತ್ತೆ ಅಂದ್ರೆ, ನಾಳೆ ಜಗಳ ಕೋರ್ಟಿಗೆ ಹೋದ್ರೆ ಸರಿಯಾದ ಡ್ಯೂಟಿ ಕಟ್ಟದ ಪೇಪರನ್ನ ಸಾಕ್ಷಿಯಾಗಿ ತಗೊಳ್ಳಲ್ಲ, ಕಮ್ಮಿ ಬಿದ್ದ ಡ್ಯೂಟಿ ಜೊತೆಗೆ ಹತ್ತು ಪಟ್ಟು ದಂಡ ಕಟ್ಟಿದ ಮೇಲೇ ತಗೊಳ್ಳೋದು, ಅದೇ ಕಾಯ್ದೆಯ 34ನೇ ಸೆಕ್ಷನ್. ಇಷ್ಟೆಲ್ಲ ದುಡ್ಡು ತಗೊಂಡು ಸರ್ವಿಸ್ ಅಂತ ಕೊಡೋರು ಈ ಒಂದು ಸಾಲು ಸರಿ ಹಾಕೋಕೆ ಆಗಲ್ವಾ?

ಇನ್ನೊಂದು, ನೋಟರಿ ಸೀಲ್‌ಗೆ ಎಕ್ಸ್‌ಟ್ರಾ ದುಡ್ಡು ತಗೊಂಡು ಲೀಗಲಿ ಸೇಫ್ ಅಂತ ತೋರಿಸ್ತಾರೆ. ನೋಟರಿ ಬೇರೆ, ರಿಜಿಸ್ಟ್ರೇಷನ್ ಬೇರೆ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸ್ ಆದ್ರೆ 1908ರ ನೋಂದಣಿ ಕಾಯ್ದೆ ಪ್ರಕಾರ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಮಾಡಿಸ್ಲೇಬೇಕು, ಅದನ್ನ ತಪ್ಪಿಸೋಕೇ ಎಲ್ಲರೂ ಹನ್ನೊಂದು ತಿಂಗಳು ಅಂತ ಬರೆಸೋದು. ಅದೇ ಆಪಲ್ಲಿ ಮೂರು ವರ್ಷದ ಅಗ್ರಿಮೆಂಟ್ ಅಂತ ಆಯ್ಕೆ ಮಾಡಿದ್ರೂ ಬರೀ ನೋಟರಿ ಹಾಕಿ ಕಳಿಸ್ತಾರೆ, ರಿಜಿಸ್ಟ್ರೇಷನ್ ಮಾತೇ ಎತ್ತಲ್ಲ. ಮೂರು ವರ್ಷ ಅಂತ ನಂಬ್ಕೊಂಡು ಮಕ್ಕಳನ್ನ ಪಕ್ಕದ ಸ್ಕೂಲಿಗೆ ಸೇರಿಸಿರೋರು ಇರ್ತಾರೆ, ರಿಜಿಸ್ಟರ್ ಆಗದ ಪೇಪರ್ ಇಟ್ಕೊಂಡು ಆ ಮೂರು ವರ್ಷ ನನ್ನದು ಅಂತ ಕೇಳೋಕೆ ಆಗಲ್ಲ. ಬಾಡಿಗೆ ಕೊಟ್ಟು ಇದ್ರೆ ತಿಂಗಳ ಬಾಡಿಗೆದಾರ ಅಂತ ಲೆಕ್ಕ ಆಗುತ್ತೆ ಅಷ್ಟೇ.

ಈಗ ಒಳಗಿನ ಕ್ಲಾಸ್‌ಗಳು, ಅಂದ್ರೆ ಷರತ್ತುಗಳು. ನಮ್ಮ ಪೇಪರ್ ಮೇಲೆ ಹೆಡ್ಡಿಂಗಲ್ಲಿ ರೆಂಟಲ್ ಅಗ್ರಿಮೆಂಟ್ ಅಂತ ಇದ್ರೆ ಒಳಗಡೆ ಎಲ್ಲಾ ಕಡೆ ಲೈಸೆನ್ಸರ್, ಲೈಸೆನ್ಸೀ ಅಂತ ಇದೆ. ಇದು ಮುಂಬೈ ಕಡೆಯ ಲೀವ್ ಅಂಡ್ ಲೈಸೆನ್ಸ್ ಮಾದರಿ, ಅಲ್ಲಿ ಮಹಾರಾಷ್ಟ್ರದ 1999ರ ಬಾಡಿಗೆ ಕಾಯ್ದೆಯಲ್ಲಿ ಅದಕ್ಕೆ ಬೇರೇನೇ ವ್ಯವಸ್ಥೆ ಇದೆ, ರಿಜಿಸ್ಟ್ರೇಷನ್ ಕಡ್ಡಾಯ, ಅವಧಿ ಮುಗಿದ ಮೇಲೆ ಖಾಲಿ ಮಾಡಿಸೋಕೆ ಬೇರೆ ದಾರಿ. ಅದನ್ನ ಹಾಗೇ ಎತ್ಕೊಂಡು ಬಂದು ಬೆಂಗಳೂರಿನ ಮನೆಗೆ ಅಂಟಿಸಿದ್ದಾರೆ. ಲೈಸೆನ್ಸ್ ಅಂದ್ರೆ ಬರೀ ಇರೋಕೆ ಅನುಮತಿ, ಲೀಸ್ ಅಂದ್ರೆ ಮನೆ ಮೇಲೆ ಒಂದು ಹಕ್ಕು ಬರುತ್ತೆ, ಎರಡಕ್ಕೂ ತುಂಬಾ ವ್ಯತ್ಯಾಸ. ಸಮಾಧಾನ ಏನಂದ್ರೆ ಕೋರ್ಟ್ ಪೇಪರ್ ಮೇಲಿನ ಹೆಸ್ರಿಗಿಂತ ನಿಜವಾಗಿ ಏನು ನಡೀತಿದೆ, ಮನೆ ಪೂರ್ತಿ ಯಾರ ಕೈಲಿದೆ ಅಂತ ನೋಡುತ್ತೆ, 1959ರಿಂದಲೇ ಸುಪ್ರೀಂ ಕೋರ್ಟ್ ಇದನ್ನ ಹೇಳ್ಕೊಂಡು ಬಂದಿದೆ. ಆದ್ರೆ ಅಲ್ಲಿವರೆಗೆ ಹೋಗ್ಬೇಕಲ್ಲ, ಸಾಮಾನ್ಯ ಜನಕ್ಕೆ ಪೇಪರಲ್ಲಿ ಹೀಗಿದೆ ಅಂತ ತೋರಿಸಿದ್ರೆ ಅಲ್ಲೇ ಧೈರ್ಯ ಹೋಗುತ್ತೆ.

ನನಗೆ ಸಿಟ್ಟು ಬಂದಿದ್ದು ಹದಿನಾಲ್ಕನೇ ಕ್ಲಾಸ್ ನೋಡಿ. ಅವಧಿ ಮುಗಿದ ಮೇಲೆ ಒಂದು ದಿನ ಜಾಸ್ತಿ ಇದ್ರೂ ದಿನಕ್ಕೆ 2,000 ದಂಡ, ಮತ್ತೆ ಓನರ್ ಯಾವುದೇ ನೋಟಿಸ್ ಇಲ್ಲದೆ ಬೀಗ ತೆಗೆದು ಒಳಗೆ ಬಂದು ಸಾಮಾನು ಹೊರಗೆ ಇಡಬಹುದು, ಅದಕ್ಕೆ ಬಾಡಿಗೆದಾರರು ಈಗಲೇ ಒಪ್ಪಿದ್ದಾರೆ ಅಂತ. ಸಹಿ ಹಾಕೋ ಮುಂಚೆನೇ ನಾನು ಚಾಟಲ್ಲಿ ಕೇಳಿದ್ದೆ, ಈ ಕ್ಲಾಸ್ ತೆಗೀರಿ ಅಂತ. ಟೆಂಪ್ಲೇಟ್ ಬದಲಾಯಿಸೋಕೆ ಆಗಲ್ಲ ಮೇಡಂ, ಸಿಸ್ಟಮಲ್ಲಿ ಲಾಕ್ ಆಗಿದೆ ಅಂದ್ರು. ಓನರ್ ಅಂಕಲ್‌ನ ಕೇಳಿದ್ರೆ, ಅಯ್ಯೋ ಅದೆಲ್ಲ ಸುಮ್ನೆ ಬರೆಯೋದಮ್ಮ, ನಾವೇನು ಹಾಗೆಲ್ಲ ಮಾಡೋರಾ ಅಂದ್ರು. ಅವ್ರು ಆಗ ನಿಜವಾಗ್ಲೂ ಹಾಗೇ ಅಂದ್ಕೊಂಡಿದ್ರು ಅಂತ ನಾನು ಈಗಲೂ ನಂಬ್ತೀನಿ.

ಅವಧಿ ಮುಗೀತು, ರಿನೀವಲ್ ಮಾತು ಇಬ್ರೂ ಎತ್ತಲಿಲ್ಲ, ಬಾಡಿಗೆ ಪ್ರತೀ ತಿಂಗಳು ಫೋನ್‌ಪೇಲಿ ಹೋಗ್ತಿತ್ತು, ಅವ್ರು ತಗೋತಿದ್ರು, ಥಂಬ್ಸ್ ಅಪ್ ಕೂಡ ಹಾಕ್ತಿದ್ರು. ಬೆಂಗಳೂರಲ್ಲಿ ಅರ್ಧಕ್ಕರ್ಧ ಮನೆಗಳು ಹೀಗೇ ನಡೆಯೋದು. ಆಮೇಲೆ ಒಂದಿನ ಮಗ ಫಾರಿನ್‌ನಿಂದ ವಾಪಸ್ ಬರ್ತಾನೆ, ಈ ಭಾನುವಾರದೊಳಗೆ ಖಾಲಿ ಮಾಡಿ ಅಂತ ಫೋನ್. ಅಷ್ಟು ಬೇಗ ಎಲ್ಲಿ ಹೋಗೋದು ಅಂಕಲ್ ಅಂದಿದ್ದಕ್ಕೆ ಹದಿನಾಲ್ಕನೇ ಕ್ಲಾಸ್ ಫೋಟೋ ತೆಗೆದು ವಾಟ್ಸಾಪ್ ಮಾಡಿದ್ರು. ಸುಮ್ನೆ ಬರೆದಿದ್ದು ಅಂದಿದ್ದ ಅದೇ ಕ್ಲಾಸ್.

ಇಲ್ಲಿಂದ ಮುಂದೆ ನಾನು ಲಾಯರ್ ಒಬ್ರ ಹತ್ರ ಕೂತು ತಿಳ್ಕೊಂಡಿದ್ದು, ಆಮೇಲೆ ಕಾಯ್ದೆ ಪುಸ್ತಕದಲ್ಲೂ ಓದಿದ್ದು. ಬಾಡಿಗೆದಾರರು ಓನರ್‌ಗಳು ಇಬ್ರಿಗೂ ಬೇಕಾಗಿರೋದು ಇದು, ಆಪ್‌ನವ್ರು ಒಂದು ಪುಟ ಬರೆದು ಅಗ್ರಿಮೆಂಟ್ ಜೊತೆ ಕೊಟ್ಟಿದ್ರೆ ಸಾಕಿತ್ತು.

ಎಲ್ಲರೂ ರೆಂಟ್ ಕಂಟ್ರೋಲ್ ಇದ್ಯಲ್ಲ ಅಂತಾರೆ. ಕರ್ನಾಟಕ ಬಾಡಿಗೆ ಕಾಯ್ದೆ 1999 ಅಂತ ಇದೆ ನಿಜ, 2001ರ ಡಿಸೆಂಬರ್ ಕೊನೇಲಿ ಜಾರಿಗೆ ಬಂತು, 1961ರ ಹಳೇ ಕಾಯ್ದೆ ಜಾಗಕ್ಕೆ. ಆದ್ರೆ ಬೆಂಗಳೂರಂಥ ದೊಡ್ಡ ಊರಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಬಾಡಿಗೆ ಮನೆಗೆ ಅದು ಅನ್ವಯ ಆಗಲ್ಲ, ಬೇರೆ ಊರುಗಳಲ್ಲಿ ಈ ಮಿತಿ 2,000. ಈಗ ಆ ಬಾಡಿಗೆಗೆ ಮನೆ ಎಲ್ಲಿದೆ? ತುಂಬಾ ಹಿಂದಿನಿಂದ ಇರೋ ಕೆಲವು ವಠಾರದ ಮನೆಗಳು ಬಿಟ್ರೆ ನಮ್ಮೆಲ್ಲರ ಬಾಡಿಗೆ ಮನೆ ನಡೆಯೋದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮೇಲೆ, ಬ್ರಿಟಿಷರ ಕಾಲದ್ದು.

ಅದ್ರಲ್ಲಿ 116ನೇ ಸೆಕ್ಷನ್ ನೆನಪಿಟ್ಕೊಳ್ಳಿ. ಅವಧಿ ಮುಗಿದ ಮೇಲೂ ಬಾಡಿಗೆದಾರ ಮನೇಲೇ ಇದ್ದು, ಓನರ್ ಬಾಡಿಗೆ ತಗೊಂಡ್ರೆ ಅಥವಾ ಬೇರೆ ಯಾವುದೋ ರೀತಿ ಇರೋಕೆ ಒಪ್ಪಿದ್ರೆ, ಬೇರೆ ಕರಾರು ಇಲ್ಲದಿದ್ರೆ, ವಾಸದ ಮನೆ ಬಾಡಿಗೆ ತಿಂಗಳಿಂದ ತಿಂಗಳಿಗೆ ಅಂತ ಮುಂದುವರಿಯುತ್ತೆ. ಹೋಲ್ಡಿಂಗ್ ಓವರ್ ಅಂತಾರೆ ಇದಕ್ಕೆ. ಹಾಗೆ ಮುಂದುವರಿದ ಮೇಲೆ ಬಿಡಿಸ್ಬೇಕು ಅಂದ್ರೆ 106ನೇ ಸೆಕ್ಷನ್ ಪ್ರಕಾರ 15 ದಿನದ ನೋಟಿಸ್, ಬರವಣಿಗೆಯಲ್ಲಿ, ಸಹಿ ಹಾಕಿ, ಆ 15 ದಿನ ಶುರುವಾಗೋದು ನೋಟಿಸ್ ನಮ್ಮ ಕೈಗೆ ಸೇರಿದ ದಿನದಿಂದ. ಫೋನಲ್ಲಿ ಹೇಳಿದ್ದು, ಗೇಟ್ ಹತ್ರ ಕೂಗಾಡಿದ್ದು ನೋಟಿಸ್ ಅಲ್ಲ. ಬಾಡಿಗೆ ತಗೊಂಡ್ರು ಅನ್ನೋ ಒಂದೇ ಕಾರಣಕ್ಕೆ ಎಲ್ಲಾ ಸಂದರ್ಭದಲ್ಲೂ ಮುಂದುವರಿದಂಗೆ ಆಗಲ್ಲ ಅನ್ನೋದೂ ಗೊತ್ತಿರ್ಲಿ. ಓನರ್ ಮುಂಚೆನೇ ನೋಟಿಸ್ ಕೊಟ್ಟು, ನೀವು ಇರೋದು ನನಗೆ ಒಪ್ಪಿಗೆ ಇಲ್ಲ, ಬಿಡೋವರೆಗೆ ನಷ್ಟಕ್ಕೆ ಅಂತ ದುಡ್ಡು ತಗೋತೀನಿ ಅಂತ ಬರೆದಿದ್ರೆ ಕಥೆ ಬೇರೆ, 2006ರಲ್ಲಿ ಸುಪ್ರೀಂ ಕೋರ್ಟ್ ಇದೇ ಥರದ ಕೇಸಲ್ಲಿ ಬರೀ ದುಡ್ಡು ತಗೊಂಡಿದ್ದು ಒಪ್ಪಿಗೆ ಅಲ್ಲ ಅಂತ ಹೇಳಿದೆ. ನಮ್ಮ ಕೇಸಲ್ಲಿ ಹಾಗೇನಿಲ್ಲ, ಏನೂ ಹೇಳದೆ ತಿಂಗಳುಗಟ್ಟಲೆ ತಗೊಂಡಿದ್ರು.

ಸರಿ, ಮುಂದುವರಿದಿಲ್ಲ ಅಂತಾನೇ ಇಟ್ಕೊಳ್ಳೋಣ, ಅವಧಿ ಮುಗೀತು, ಓನರ್ ಒಪ್ಪಿಗೇನೂ ಇಲ್ಲ. ಆಗಲೂ ಬೀಗ ಹಾಕೋ ಹಾಗಿಲ್ಲ. ಇದು ಮುಖ್ಯ. ಕಾನೂನಲ್ಲಿ ಅಂಥವ್ರ ಸ್ಥಾನ ತೀರಾ ಕೆಳಗಿನದು, ಬಾಡಿಗೆದಾರ ಅನ್ನೋ ಪೂರ್ತಿ ಹಕ್ಕೂ ಇಲ್ಲ, ಆದ್ರೂ ಸಾಮಾನು ಹೊರಗೆ ಹಾಕೋಕೆ ಓನರ್ ಕೋರ್ಟಿಂದ ಆದೇಶ ತರ್ಬೇಕು, ಬೆಂಗಳೂರಲ್ಲಾದ್ರೆ ಇಂಥ ದಾವೆ ಸಾಮಾನ್ಯವಾಗಿ ಸ್ಮಾಲ್ ಕಾಸಸ್ ಕೋರ್ಟಲ್ಲಿ ಹಾಕ್ತಾರೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆ 6ನೇ ಸೆಕ್ಷನ್ ಇನ್ನೂ ಮುಂದೆ ಹೋಗುತ್ತೆ, ಒಪ್ಪಿಗೆ ಇಲ್ಲದೆ ಕಾನೂನು ಕ್ರಮ ಬಿಟ್ಟು ಯಾರನ್ನಾದ್ರೂ ಹೊರಗೆ ಹಾಕಿದ್ರೆ ಅವ್ರು 6 ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಪಡೀಬಹುದು, ಆಗ ಮನೆ ಯಾರ ಹೆಸ್ರಲ್ಲಿದೆ ಅನ್ನೋ ಪ್ರಶ್ನೆನೇ ಕೋರ್ಟ್ ಕೇಳಲ್ಲ. ನಮ್ಮ ರಾಜ್ಯದಿಂದಲೇ ಹೋದ ರಾಮೇಗೌಡ ವಿರುದ್ಧ ವರದಪ್ಪ ನಾಯ್ಡು ಕೇಸಲ್ಲಿ, ಅದು ಬಾಡಿಗೆ ಕೇಸ್ ಅಲ್ಲ ಜಾಗದ ಕೇಸು, ನೆಲೆಯೂರಿದ ಸ್ವಾಧೀನದಲ್ಲಿ ಇರೋರನ್ನ ನಿಜವಾದ ಮಾಲೀಕನೇ ಆದ್ರೂ ಕಾನೂನು ಪ್ರಕಾರ ಅಲ್ಲದೆ ತೆಗೆಯೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ, 2004ರ ಹೊತ್ತಿಗೆ. ಹಂಗಿದ್ಮೇಲೆ ಬೀಗ ತೆಗೆದು ಸಾಮಾನು ಹೊರಗಿಡ್ತೀನಿ ಅನ್ನೋ ಹದಿನಾಲ್ಕನೇ ಕ್ಲಾಸಿಗೆ ಏನು ಬೆಲೆ? ಅದ್ರ ಕೆಲಸ ಹೆದರಿಸೋದು ಮಾತ್ರ, ಅದೂ ಓದು ಬರಹ ಕಮ್ಮಿ ಇರೋರನ್ನ, ಊರಿಂದ ಹೊಸದಾಗಿ ಬಂದಿರೋರನ್ನ. ಜೊತೆಗೆ ಓನರ್‌ಗೂ ಅಪಾಯ, ಪೇಪರ್ ನಂಬ್ಕೊಂಡು ಬೀಗ ಒಡೆದ್ರೆ ಅತಿಕ್ರಮ ಪ್ರವೇಶ ಅಂತ ಅವ್ರ ಮೇಲೇ ಕೇಸ್ ಆಗಬಹುದು. ದಿನಕ್ಕೆ 2,000 ದಂಡ ಅನ್ನೋದೂ ಹಾಗೇ, ಕರಾರು ಕಾಯ್ದೆ 74ನೇ ಸೆಕ್ಷನ್ ಪ್ರಕಾರ ಬರೆದಷ್ಟೂ ಸಿಗಲ್ಲ, ನ್ಯಾಯವಾದ ಪರಿಹಾರ ಎಷ್ಟೋ ಅಷ್ಟೇ. ತಿಂಗಳಿಗೆ 22,000 ಬಾಡಿಗೆ ಇರೋ ಮನೆಗೆ ದಿನಕ್ಕೆ 2,000 ಅಂದ್ರೆ ತಿಂಗಳಿಗೆ 60,000, ಯಾವ ನ್ಯಾಯ ಇದು.

ಕರೆಂಟ್ ತೆಗೆಸ್ತೀನಿ, ನೀರು ನಿಲ್ಲಿಸ್ತೀನಿ ಅಂತ ಕೆಲವ್ರು ಹೆದರಿಸ್ತಾರೆ. ನಮಗೆ ಹಾಗಾಗ್ಲಿಲ್ಲ, ಆದ್ರೆ ನಮ್ಮ ತಮ್ಮನಿಗೆ ಆಗಿದೆ, ಮಗು ಇರೋ ಮನೇಲಿ ಎರಡು ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ ಮೀಟರ್ ಬಾಕ್ಸ್‌ಗೆ ಬೀಗ ಹಾಕಿದ್ರು. ಕರೆಂಟ್ ಮೂಲಭೂತ ಸೌಕರ್ಯ, ಓನರ್ ಎನ್‌ಒಸಿ, ಅಂದ್ರೆ ತಕರಾರಿಲ್ಲ ಅನ್ನೋ ಪತ್ರ, ಕೊಡಲಿಲ್ಲ ಅಂತ ಬಾಡಿಗೆದಾರರಿಗೆ ಅದನ್ನ ನಿರಾಕರಿಸೋ ಹಾಗಿಲ್ಲ ಅಂತ 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂಥ ಪರಿಸ್ಥಿತಿ ಬಂದ್ರೆ ಮೀಟರ್ ಬಾಕ್ಸ್ ಫೋಟೋ, ಟೈಮ್ ಸಮೇತ ವಿಡಿಯೋ ಮಾಡಿಟ್ಕೊಳ್ಳಿ, 112ಕ್ಕೆ ಫೋನ್ ಮಾಡಿ. ಸ್ಟೇಷನಲ್ಲಿ ಇದು ಸಿವಿಲ್ ಮ್ಯಾಟರ್ ಅಂತ ವಾಪಸ್ ಕಳಿಸೋಕೆ ನೋಡ್ತಾರೆ, ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಕೇಳಿ ತಗೊಳ್ಳಿ, ಮುಂದೆ ಕೋರ್ಟಲ್ಲಿ ಇಂಜಂಕ್ಷನ್, ಅಂದ್ರೆ ತಡೆಯಾಜ್ಞೆ, ಕೇಳೋಕೆ ಅದು ಬೇಕಾಗುತ್ತೆ.

ಇದನ್ನೆಲ್ಲ ಓದಿ, ಹಂಗಾದ್ರೆ ಬಿಡೋದೇ ಬೇಡ ಅಂತ ಯಾರಾದ್ರೂ ಅಂದ್ಕೊಂಡ್ರೆ ಅದು ತಪ್ಪು. ನೋಟಿಸ್ ಬಂದು ಅವಧಿ ಮುಗಿದ ಮೇಲೂ ಕೂತ್ರೆ ಕೋರ್ಟ್ ಆ ದಿನಗಳಿಗೆ ಮಾರ್ಕೆಟ್ ರೇಟಲ್ಲಿ ದುಡ್ಡು ಕಟ್ಟಿಸುತ್ತೆ, ಮೆಸ್ನೆ ಪ್ರಾಫಿಟ್ಸ್ ಅಂತಾರೆ, ಅದು ಹಳೇ ಬಾಡಿಗೆಗಿಂತ ಜಾಸ್ತಿನೇ ಬರಬಹುದು. ಮತ್ತೆ ಓನರ್ ಅಂದ್ರೆ ಎಲ್ಲರೂ ಹತ್ತು ಬಿಲ್ಡಿಂಗ್ ಇರೋರಲ್ಲ, ರಿಟೈರ್ ಆಗಿ ಮೇಲಿನ ಫ್ಲೋರ್ ಬಾಡಿಗೇಲೇ ಔಷಧಿ ಖರ್ಚು ನೋಡ್ಕೊಳ್ಳೋ ಎಷ್ಟೋ ಮನೆ ನನಗೇ ಗೊತ್ತು. ಅಂಥವ್ರ ಮನೇಲಿ ಬಾಡಿಗೇನೂ ಕೊಡದೆ ಕೋರ್ಟ್ ತೋರಿಸಿ ಕೂರೋದನ್ನ ನಾನು ಒಪ್ಪಲ್ಲ. ಬಾಡಿಗೆ ತಗೊಳ್ಳಲ್ಲ ಅಂತ ಅವ್ರು ಹಠ ಮಾಡಿದ್ರೂ ನೀವು ಕಳಿಸ್ತಾನೇ ಇರಿ, ಬ್ಯಾಂಕ್ ಟ್ರಾನ್ಸ್‌ಫರ್ ಅಥವಾ ಮನಿ ಆರ್ಡರ್, ರಿಮಾರ್ಕ್ಸಲ್ಲಿ ಯಾವ ತಿಂಗಳ ಬಾಡಿಗೆ ಅಂತ ಬರೆದು. ಬಾಡಿಗೆ ಬಾಕಿ ಇಲ್ಲ ಅನ್ನೋದೇ ನಿಮ್ಮ ಕಡೆಯ ದೊಡ್ಡ ಬಲ.

ನಮ್ಮದು ಹೇಗೆ ಮುಗೀತು ಅಂದ್ರೆ, ಲಾಯರ್ ಒಂದು ಪುಟದ ಲೆಟರ್ ಬರೆದುಕೊಟ್ರು, ಜಗಳದ ಭಾಷೆ ಇಲ್ಲ, 106 ಮತ್ತೆ 116 ಇಷ್ಟೇ ಹೇಳಿ, ಎರಡು ತಿಂಗಳು ಕೊಡಿ, ಬಾಡಿಗೆ ಸರಿಯಾಗಿ ಕೊಟ್ಟು ಬಿಡ್ತೀವಿ ಅಂತ. ಅಂಕಲ್ ಅವರ ಅಳಿಯನಿಗೆ ತೋರಿಸಿದ್ರಂತೆ, ಅವ್ರು ಕೂಡ ಇದು ಸರಿ ಇದೆ ಅಂದ್ರಂತೆ, ಎರಡು ತಿಂಗಳು ಸಿಕ್ತು.

ಈ ಮಧ್ಯೆ ಆಪ್‌ನ ಎಕ್ಸ್‌ಪರ್ಟ್ ಕಾಲ್ ಅಂತ ಇದೆ, 499 ರೂಪಾಯಿ, ಅದನ್ನೂ ತಗೊಂಡು ನೋಡ್ದೆ. ಫೋನಲ್ಲಿ ಬಂದವ್ರು ಹೇಳಿದ್ದು, ಹೊಸ ಕಾನೂನು ಬಂದಿದೆ ಮೇಡಂ, ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳೋ ಹಾಗಿಲ್ಲ, ಅವಧಿ ಮೀರಿ ಇದ್ರೆ ಡಬಲ್ ಬಾಡಿಗೆ, ಆಮೇಲೆ ನಾಲ್ಕು ಪಟ್ಟು ಅಂತ. ವಾಟ್ಸಾಪಲ್ಲಿ ಓಡಾಡ್ತಿರೋದೂ ಇದೇ. ಇದು 2021ರ ಜೂನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಇರೋ ಮಾತು, ಬಾಡಿಗೆ ವಿಷಯ ರಾಜ್ಯಗಳ ಕೈಲಿರೋದು, ರಾಜ್ಯ ತನ್ನದೇ ಕಾಯ್ದೆ ಮಾಡ್ಕೊಂಡ್ರೆ ಮಾತ್ರ ಅಲ್ಲಿ ಜಾರಿ. ಬೆಂಗಳೂರಲ್ಲಿ ಈಗಲೂ ಐದಾರು ತಿಂಗಳ ಅಡ್ವಾನ್ಸ್ ಕೇಳ್ತಾರೆ, ಹಳಬರು ಹತ್ತು ತಿಂಗಳು ಕೇಳೋದೂ ಇದೆ. ಆ ಎಕ್ಸ್‌ಪರ್ಟ್ ಮಾತು ನಂಬಿ ನಾನು ಅಂಕಲ್ ಹತ್ರ ಹೋಗಿ ಎರಡು ತಿಂಗಳ ಕಾನೂನು ಅಂತ ವಾದ ಮಾಡಿದ್ದಿದ್ರೆ ಆಗ್ತಿದ್ದ ರಾಜಿನೂ ಮುರೀತಿತ್ತು. ದುಡ್ಡು ತಗೊಂಡು ತಪ್ಪು ಕಾನೂನು ಹೇಳೋದಕ್ಕೆ ಸೊನ್ನೆ ಸ್ಟಾರ್ ಕೊಡೋ ಅವಕಾಶ ಇದ್ದಿದ್ರೆ ಕೊಡ್ತಿದ್ದೆ.

ಅಡ್ವಾನ್ಸ್ ವಿಷಯ ಸ್ವಲ್ಪ. ಟೆಂಪ್ಲೇಟಲ್ಲಿ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡೀತಾರೆ ಅಂತ ಇತ್ತು, ಅದು ಊರಿನ ವಾಡಿಕೆ, ಒಪ್ಕೊಂಡು ಸಹಿ ಹಾಕಿದ್ದು, ಅದ್ರ ಬಗ್ಗೆ ತಕರಾರಿಲ್ಲ. ಜೊತೆಗೆ ಡ್ಯಾಮೇಜ್ ಅಂತ ಬೇರೆ ಹಿಡಿಯೋಕೆ ಬಂದ್ರು, ಬಾತ್‌ರೂಮ್ ನಲ್ಲೀಲಿ ಉಪ್ಪು ಕಟ್ಟಿದೆ, ಅಡುಗೆಮನೆ ಗೋಡೆ ಒಗ್ಗರಣೆ ಹೊಗೆಗೆ ಹಳದಿ ಆಗಿದೆ ಅಂತ. ಬೋರ್‌ವೆಲ್ ನೀರಿಗೆ ನಲ್ಲೀಲಿ ಉಪ್ಪು ಕಟ್ಟದೆ ಇನ್ನೇನಾಗುತ್ತೆ. ಸಹಜವಾಗಿ ಬಳಸಿ ಸವೆದಿದ್ದಕ್ಕೆ ಬಾಡಿಗೆದಾರರು ಹೊಣೆ ಅಲ್ಲ ಅಂತ ಅದೇ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನಲ್ಲೇ ಇದೆ. ಮನೆಗೆ ಬಂದ ದಿನ ತೆಗೆದ ಫೋಟೋಗಳು ನಮ್ಮ ಹತ್ರ ಇದ್ದವು, ತೋರಿಸಿದ ಮೇಲೆ ಬಿಟ್ರು. ಆದ್ರೆ ದುಡ್ಡು ಕೀ ಕೊಟ್ಟ ದಿನವೇ ಬರ್ಲಿಲ್ಲ, ಯಾಕಂದ್ರೆ ಟೆಂಪ್ಲೇಟಲ್ಲಿ ಅಡ್ವಾನ್ಸ್ ಯಾವಾಗ ಕೊಡ್ಬೇಕು ಅನ್ನೋದೇ ಇಲ್ಲ. ಬಾಡಿಗೆದಾರ ಏನೇನು ಮಾಡ್ಬೇಕು ಅಂತ ಎರಡು ಪುಟ ಇದೆ, ಓನರ್ ಏನು ಮಾಡ್ಬೇಕು ಅಂತ ನಾಲ್ಕು ಸಾಲು.

ಈಗ ಹೋಲಿಕೆಗೆ ಹೇಳ್ತೀನಿ, ಹೊಸ ಮನೆಗೆ ಅಗ್ರಿಮೆಂಟ್ ಮಾಡಿಸಿದ್ದು ಸಬ್ ರಿಜಿಸ್ಟ್ರಾರ್ ಆಫೀಸ್ ಹತ್ರದ ಒಂದು ಟೈಪಿಂಗ್ ಅಂಗಡೀಲಿ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಿಷನ್, ಗೋಡೆ ತುಂಬಾ ದೇವ್ರ ಕ್ಯಾಲೆಂಡರ್. ಟೈಪ್ ಮಾಡೋರು ವಯಸ್ಸಾದವ್ರು, ನುಡಿ ಕೀಬೋರ್ಡಲ್ಲಿ ಕೈ ನೋಡ್ದೆ ಹೊಡೀತಾರೆ. ಮೊದ್ಲು ಇಬ್ರನ್ನೂ ಕೂರಿಸಿ ಕೇಳಿದ್ದೇ, ನೋಡಮ್ಮ, ನೋಡಿ ಸ್ವಾಮಿ, ಬಿಡೋ ದಿನ ಏನಾಗ್ಬೇಕು ಅಂತ ಈಗ್ಲೇ ಹೇಳ್ಬಿಡಿ, ಬಾಡಿಗೆ ಎಷ್ಟು ಅಂತ ಆಮೇಲೆ ಬರ್ಕೊಳ್ತೀನಿ ಅಂತ. ನಾವು ಮಾತಾಡ್ತಾ ಇದ್ದಂಗೆ ಅವ್ರು ಬರೆದ ಸಾಲು ಹಾಗೇ ಹಾಕ್ತಿದೀನಿ, ಬೇಕಾದವ್ರು ತಗೊಳ್ಳಿ: "ಕರಾರಿನ ಅವಧಿ ಮುಗಿದ ನಂತರವೂ ಉಭಯತ್ರರ ಒಪ್ಪಿಗೆಯಿಂದ ಬಾಡಿಗೆ ಮುಂದುವರಿದಲ್ಲಿ ಅದನ್ನು ತಿಂಗಳ ಬಾಡಿಗೆಯೆಂದು ಪರಿಗಣಿಸತಕ್ಕದ್ದು, ಖಾಲಿ ಮಾಡಲು ಅಥವಾ ಮಾಡಿಸಲು ಯಾವುದೇ ಕಡೆಯವರು ಎರಡು ತಿಂಗಳ ಮುಂಚಿತವಾಗಿ ಲಿಖಿತ ನೋಟಿಸ್ ಕೊಡತಕ್ಕದ್ದು, ಮನೆಯ ಸ್ವಾಧೀನವನ್ನು ಬಿಟ್ಟುಕೊಡುವ ದಿನವೇ ಮಾಲೀಕರು ಮುಂಗಡ ಹಣವನ್ನು ಹಿಂತಿರುಗಿಸತಕ್ಕದ್ದು." ಇಷ್ಟೇ. ಆಪಲ್ಲಿ ಇಲ್ಲದ್ದು ಇದೇ ಮೂರು ಮಾತು, ಓನರ್‌ಗೂ ಅನುಕೂಲ ಬಾಡಿಗೆದಾರರಿಗೂ ಅನುಕೂಲ, ಹೊಸ ಓನರ್ ಆಂಟಿ ಓದಿ ಖುಷಿಯಾಗೇ ಸಹಿ ಹಾಕಿದ್ರು. ಸ್ಟಾಂಪ್ ಮೇಲೂ ಆರ್ಟಿಕಲ್ 30 ಇತ್ತು, ಕೇಳ್ಬೇಕಾಗಿ ಬರ್ಲಿಲ್ಲ. ಕನ್ನಡದಲ್ಲಿ ಇದ್ದಿದ್ರಿಂದ ನಮ್ಮ ಅತ್ತೆನೂ ಪೂರ್ತಿ ಓದಿದ್ರು, ಇಂಗ್ಲಿಷ್ ಅಗ್ರಿಮೆಂಟನ್ನ ನಮ್ಮ ಮನೇಲಿ ಯಾರೂ ಪೂರ್ತಿ ಓದಿದ್ದಿಲ್ಲ ಅಂದ್ರೆ ನಂಬ್ತೀರಾ, ನನ್ನೊಬ್ಬಳನ್ನ ಬಿಟ್ಟು.

ಅಂಗಡೀಲೂ ಕೊರತೆ ಇಲ್ಲ ಅಂತಲ್ಲ. ಇಬ್ರೂ ಖುದ್ದಾಗಿ ಹೋಗ್ಬೇಕು, ಭಾನುವಾರ ಇಲ್ಲ, ಸರ್ವರ್ ಡೌನ್ ಅಂತ ಇ-ಸ್ಟಾಂಪ್‌ಗೆ ಕಾಯಿಸ್ತಾರೆ, ಬಿಲ್ ಕೇಳಿದ್ರೆ ಒಂಥರಾ ನೋಡ್ತಾರೆ, ಪಾರ್ಕಿಂಗ್ ಜಾಗ ಇಲ್ವೇ ಇಲ್ಲ. ಓನರ್ ಬೇರೆ ದೇಶದಲ್ಲಿದ್ರೆ ಅಂಗಡಿ ದಾರಿ ಕಷ್ಟ, ಅಂಥವ್ರಿಗೆ ಆಪ್ ಬೇಕೇ ಬೇಕು. ಆದ್ರಿಂದಲೇ ಆಪ್‌ನವ್ರು ಸರಿ ಹೋಗ್ಬೇಕು ಅಂತ ನಾನು ಇಷ್ಟುದ್ದ ಬರೀತಿರೋದು.

ಲೀಸ್ ಮನೆಯವ್ರಿಗೆ ಒಂದು ಮಾತು, ಅಂದ್ರೆ ಹತ್ತು ಹದಿನೈದು ಲಕ್ಷ ಒಟ್ಟಿಗೆ ಕೊಟ್ಟು ಬಾಡಿಗೆ ಇಲ್ಲದೆ ಇರೋರಿಗೆ. ಈ ಆಪಲ್ಲಿ ಆ ಆಯ್ಕೆನೂ ಇದೆ, ದಯವಿಟ್ಟು ತಗೋಬೇಡಿ. ಅಷ್ಟು ದುಡ್ಡಿಗೆ ನೋಟರಿ ಪೇಪರ್ ಸಾಕಾಗಲ್ಲ. ಅವಧಿ ಮುಗಿದ ಮೇಲೆ ಓನರ್ ಹತ್ರ ದುಡ್ಡಿಲ್ಲ, ಬೇರೆ ಪಾರ್ಟಿ ಸಿಕ್ಕಿದ್ರೆ ಕೊಡ್ತೀನಿ ಅನ್ನೋದು ಈ ಊರಲ್ಲಿ ದಿನಾ ಕೇಳೋ ಮಾತು. ಭೋಗ್ಯದ ಅಡಮಾನ ಅಂತ ಸರಿಯಾಗಿ ಬರೆಸಿ ಸಬ್ ರಿಜಿಸ್ಟ್ರಾರ್ ಹತ್ರ ರಿಜಿಸ್ಟರ್ ಮಾಡಿಸಿದ್ರೆ ದುಡ್ಡು ವಾಪಸ್ ಬರೋವರೆಗೂ ಮನೆ ನಿಮ್ಮ ಸ್ವಾಧೀನದಲ್ಲೇ ಇಟ್ಕೊಳ್ಳೋ ಹಕ್ಕು ಇರುತ್ತೆ, ಇಸಿ, ಅಂದ್ರೆ ಆಸ್ತಿ ಮೇಲಿನ ಋಣಭಾರ ತೋರಿಸೋ ಸರ್ಟಿಫಿಕೇಟ್, ತೆಗೆದ್ರೂ ಕಾಣುತ್ತೆ. ಖರ್ಚು ಜಾಸ್ತಿ ಆಗುತ್ತೆ, ಆದ್ರೂ ಮಾಡಿಸಿ. ಮುಂಚೆ ಇಸಿ ತೆಗೆಸಿ ಆ ಮನೆ ಮೇಲೆ ಬ್ಯಾಂಕ್ ಸಾಲ ಇದ್ಯಾ ನೋಡಿ, ಕೊಡ್ತಿರೋರು ನಿಜವಾದ ಮಾಲೀಕರಾ ಅಥವಾ ಮಧ್ಯದ ಕಂಪನಿನಾ ಅಂತ ನೋಡಿ. ದುಡ್ಡು ಸಿಗದಿದ್ರೆ ದಾವೆ ಹಾಕೋಕೆ ಸಾಮಾನ್ಯವಾಗಿ 3 ವರ್ಷದ ಮಿತಿ ಇರುತ್ತೆ, ಇವತ್ತು ಕೊಡ್ತೀನಿ ನಾಳೆ ಕೊಡ್ತೀನಿ ಅನ್ನೋ ಮಾತಲ್ಲೇ ಅದನ್ನ ಕಳೀಬೇಡಿ.

ಲಾಯರ್‌ಗೆ ಕೊಡೋಕೆ ದುಡ್ಡಿಲ್ಲ ಅನ್ನೋರು 499ರ ಎಕ್ಸ್‌ಪರ್ಟ್ ಕಾಲ್ ಬದ್ಲು 15100ಕ್ಕೆ ಫೋನ್ ಮಾಡಿ, ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಪ್ರತೀ ಜಿಲ್ಲೆಯಲ್ಲೂ ಇವ್ರ ಆಫೀಸ್ ಇರುತ್ತೆ. 1987ರ ಕಾಯ್ದೆ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವ್ರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರ್ಲಿ ಉಚಿತ. ಕೇಸ್ ಹಾಕೋ ಮುಂಚೆನೇ ಲೋಕ ಅದಾಲತ್‌ಗೆ ಅರ್ಜಿ ಕೊಟ್ಟು ಓನರ್‌ನ ಕರೆಸಿ ರಾಜಿ ಮಾಡಿಸಬಹುದು, ಅಲ್ಲಿ ಆದ ರಾಜಿಗೆ ಕೋರ್ಟ್ ಡಿಕ್ರಿಯಷ್ಟೇ ಬೆಲೆ, ಅಪೀಲ್ ಇಲ್ಲ. ಅಡ್ವಾನ್ಸ್ ಜಗಳಕ್ಕೆ ಇದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ. ನಮ್ಮ ತಮ್ಮನ ಹೆಂಡತಿ ಅಲ್ಲೇ ಅರ್ಜಿ ಕೊಟ್ಲು, ಹಿಡಿದಿಟ್ಟಿದ್ದ ಅಡ್ವಾನ್ಸ್ ಎರಡು ಕಂತಲ್ಲಿ ಬಂತು.

ಆಪ್‌ಗೆ ಡೆಲಿವರಿ ನಾಲ್ಕು, ಇ-ಸ್ಟಾಂಪ್ ಅಸಲಿತನ ಐದು, ಆದ್ರೆ ಆರ್ಟಿಕಲ್ ತಪ್ಪಿಗೆ ಒಂದು, ಕ್ಲಾಸ್‌ಗಳಿಗೆ ಒಂದು, ಎಕ್ಸ್‌ಪರ್ಟ್ ಕಾಲ್ ಬೇಡವೇ ಬೇಡ. ಈ ರಿವ್ಯೂನ ಅವ್ರ ಸಪೋರ್ಟ್ ಮೇಲ್‌ಗೂ ಕಳಿಸಿದೀನಿ, ಹದಿನಾಲ್ಕನೇ ಕ್ಲಾಸ್ ತೆಗೆದು ಅಡ್ವಾನ್ಸ್ ವಾಪಸ್ ಕೊಡೋ ದಿನ ಒಂದನ್ನ ಸೇರಿಸಿದ್ರೆ ಸ್ಟಾರ್ ಜಾಸ್ತಿ ಮಾಡ್ತೀನಿ ಅಂತ ಬರೆದಿದೀನಿ. ಇನ್ನೂ ಉತ್ತರ ಬಂದಿಲ್ಲ.